ಆರ್ಮರ್ಡ್ ಕೋರ್ 6: ನನ್ನ ಯಂತ್ರಕ್ಕೆ ತೂಕಾನೇ ಇಲ್ಲ ಅನ್ಸುತ್ತೆ, ತಪ್ಪು ಸೌಂಡ್‌ದಾ ಗ್ರಾಫಿಕ್ಸ್‌ದಾ?

ರಾತ್ರಿಪಾಳಿ_ದಾವಣಗೆರೆ

ಎಲ್ರಿಗೂ ನಮಸ್ಕಾರ. ಆರ್ಮರ್ಡ್ ಕೋರ್ 6 ಸೇಲ್‌ನಲ್ಲಿ ತಗೊಂಡು ಹದಿನೈದು ದಿನ ಆಯ್ತು, ಬಾಲ್ಟಿಯಸ್ ಅನ್ನೋ ಬಾಸ್ ತನಕ ಬಂದಿದೀನಿ, ಆಟ ತುಂಬಾ ಇಷ್ಟ ಆಗಿದೆ, ಆದ್ರೆ ಒಂದು ವಿಷ್ಯ ಮಾತ್ರ ಮೊದಲ ದಿನದಿಂದ ಕೊರೀತಾನೇ ಇದೆ. ನನ್ನ ಎಸಿ (ಆಟದಲ್ಲಿ ನಾವು ಓಡಿಸೋ ರೋಬೋಟ್) ಒಂದು ದೊಡ್ಡ ಕಬ್ಬಿಣದ ಯಂತ್ರ ಅಂತ ನಂಗೆ ಅನ್ನಿಸ್ತಾನೇ ಇಲ್ಲ. ಪೌಡರ್ ಜಾಸ್ತಿ ಹಾಕಿದ ಕೇರಂ ಬೋರ್ಡ್ ಮೇಲೆ ಸ್ಟ್ರೈಕರ್ ಜಾರೋ ಥರ ಜಾರ್ಕೊಂಡು ಹೋಗುತ್ತೆ, ನೆಲಕ್ಕೆ ಇಳಿದ್ರೂ ಇಳಿದ ಹಾಗಿಲ್ಲ, ಗನ್ ಹೊಡೆದ್ರೆ ತಗಡಿನ ಡಬ್ಬ ಬಡಿದ ಹಾಗೆ ಕೇಳುತ್ತೆ.

ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗನ ಮನೇಲಿ ಮೆಕ್‌ವಾರಿಯರ್ 5 ಒಂದೆರಡು ಗಂಟೆ ಆಡಿದ್ದೆ, ಅಲ್ಲಿ ಅಟ್ಲಾಸ್ ಅನ್ನೋ ಯಂತ್ರ ಒಂದೊಂದು ಹೆಜ್ಜೆ ಇಟ್ಟಾಗ್ಲೂ ಕಾಕ್‌ಪಿಟ್ ಪೂರ್ತಿ ಅಲ್ಲಾಡೋದು, ನಾನು ಕೂತಿದ್ದ ಕುರ್ಚಿನೂ ಅಲ್ಲಾಡ್ತಾ ಇದೆಯೇನೋ ಅನ್ನಿಸ್ತಿತ್ತು. ಅದನ್ನೇ ಮನಸ್ಸಲ್ಲಿ ಇಟ್ಕೊಂಡು ಇದನ್ನ ತಗೊಂಡೆ. ವಿಚಿತ್ರ ಏನು ಅಂದ್ರೆ ಇದೇ ಆಟದ ವಿಡಿಯೋ ಯೂಟ್ಯೂಬ್‌ನಲ್ಲಿ ನೋಡಿದ್ರೆ ಸೌಂಡು ಅದ್ಭುತವಾಗಿ ಇರುತ್ತೆ, ಸ್ಫೋಟಗಳು ಎದೆಗೆ ಬಂದು ಬಡಿಯುತ್ತೆ, ನಾನು ಆಡುವಾಗ ಮಾತ್ರ ಅದ್ರಲ್ಲಿ ಅರ್ಧನೂ ಬರಲ್ಲ.

ನನ್ನ ಹತ್ರ ಇರೋದು 1650 ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪು, ಸೆಟ್ಟಿಂಗ್ಸ್ ಎಲ್ಲಾ ಲೋ ಮಾಡಿ 60 ಎಫ್‌ಪಿಎಸ್‌ಗೆ (ಸೆಕೆಂಡಿಗೆ 60 ಫ್ರೇಮ್) ಹತ್ರ ಹತ್ರ ತಂದಿದೀನಿ. ಬ್ಲೂಟೂತ್ ಇಯರ್‌ಬಡ್ಸ್ ಹಾಕ್ಕೊಂಡು ಆಡ್ತೀನಿ. ಶಿಫ್ಟ್ ಮುಗಿಸಿ ಬಂದು ಆಡೋದ್ರಿಂದ ಮನೇಲಿ ಎಲ್ಲಾ ಮಲಗಿರ್ತಾರೆ, ವಾಲ್ಯೂಮ್ ಕಮ್ಮೀನೇ. ಹೊಸಪೇಟೆ ಫ್ರೆಂಡ್ ಒಬ್ಬ ಇದಾನೆ, ಅವನೂ ಇದೇ ಆಟ ಆಡ್ತಾನೆ, ಇಬ್ರೂ ಮಾತಾಡ್ಕೊಂಡು ಆಡ್ತೀವಿ, ಅವನು ಹೇಳೋದು "ಸೌಂಡೇ ಈ ಆಟದ ಜೀವ" ಅಂತ.

ಈಗ ನನ್ನ ಪ್ರಶ್ನೆ: ಈ ಆಟ ಮಾಡಿರೋದೇ ಹೀಗಾ, ಇಲ್ಲಾ ನನ್ನ ಕಡೆ ಏನಾದ್ರೂ ಎಡವಟ್ಟಾಗಿದೆಯಾ? ಏನು ಕೇಳ್ಬೇಕು, ಎಲ್ಲಿ ನೋಡ್ಬೇಕು ಅಂತ ಗೊತ್ತಿರೋರು ಸ್ವಲ್ಪ ಹೇಳ್ಕೊಡಿ.

ಗರಡಿಮನೆ

ಗುರು, ಮೊದಲನೇದಾಗಿ ಮೆಕ್‌ವಾರಿಯರ್ ತಕ್ಕಡೀಲಿ ಇದನ್ನ ತೂಗಬೇಡ, ಎರಡೂ ಬೇರೆ ಬೇರೆ ಜಾತಿ. ನಾನು ಈ ಸೀರೀಸ್‌ನ ಪಿಎಸ್2 ಕಾಲದಿಂದ ಆಡ್ಕೊಂಡು ಬಂದೋನು, ಮೈಸೂರಲ್ಲಿ ಗಂಟೆಗೆ ಹತ್ತು ರೂಪಾಯಿ ಕೊಟ್ಟು ಆಡ್ತಿದ್ದ ಕಾಲ. ಮೊದಲ ಆರ್ಮರ್ಡ್ ಕೋರ್ ಬಂದಿದ್ದು 1997ರಲ್ಲಿ, ಮೊದಲ ಪ್ಲೇಸ್ಟೇಷನ್‌ಗೆ, ಅದ್ರ ಯಂತ್ರಗಳನ್ನ ಡಿಸೈನ್ ಮಾಡಿದ್ದು ಶೋಜಿ ಕವಾಮೊರಿ, ಮ್ಯಾಕ್ರಾಸ್ ಅನಿಮೆಯ ಹಾರೋ ಯಂತ್ರಗಳನ್ನ ಮಾಡಿದ ಅದೇ ಮನುಷ್ಯ. ಅಂದ್ರೆ ಹುಟ್ಟಿದಾಗಿಂದ್ಲೇ ಇದ್ರ ರಕ್ತದಲ್ಲಿ ಹಾರಾಟ ಇದೆ. 2008ರ ಫಾರ್ ಆನ್ಸರ್ ಆಡಿದ್ರೆ ನಿಂಗೆ ತಲೆ ತಿರುಗುತ್ತೆ, ಅಷ್ಟು ವೇಗ. ಆಮೇಲೆ 2012ರ ಐದನೇ ಭಾಗದಲ್ಲಿ ಪೂರ್ತಿ ಉಲ್ಟಾ ಹೊಡೆದು ಯಂತ್ರಗಳನ್ನ ಸಣ್ಣ, ಭಾರ, ನೆಲಕ್ಕೆ ಅಂಟಿದ ಹಾಗೆ ಮಾಡಿದ್ರು, 2013ರ ವರ್ಡಿಕ್ಟ್ ಡೇ ಆದ್ಮೇಲೆ ಹತ್ತು ವರ್ಷ ಸದ್ದೇ ಇಲ್ಲ. ಆಮೇಲೆ 2023 ಆಗಸ್ಟಲ್ಲಿ ಇದು ಬಂತು, ಆ ಎರಡರ ನಡುವೆ ಎಲ್ಲೋ ನಿಲ್ಲುತ್ತೆ.

ಹಾಗಂತ ತೂಕ ಇಲ್ಲ ಅನ್ನೋದು ಮಾತ್ರ ನಾನು ಒಪ್ಪಲ್ಲ. ನೀನು ಯಾವಾಗ್ಲೂ ಬೂಸ್ಟಲ್ಲೇ, ಅಂದ್ರೆ ನಡೆಯದೆ ಜೆಟ್ ಬಲದಲ್ಲೇ ಜಾರ್ಕೊಂಡು, ಓಡಾಡ್ತಿದೀಯ ಅಂತ ನನ್ನ ಅಂದಾಜು. ಒಂದು ಕೆಲಸ ಮಾಡು, ರೀಪ್ಲೇ ಮಿಷನ್‌ಗೆ ಹೋಗಿ ಮೊದಲನೇ ಮಿಷನ್ ತಗೋ, ಅಲ್ಲಿ ಶತ್ರುಗಳನ್ನ ಎಲ್ಲಾ ಮುಗಿಸಿ ಆದ್ಮೇಲೆ ಬೂಸ್ಟ್ ಆಫ್ ಮಾಡಿ ಸುಮ್ನೆ ನಡಿ. ಬರೀ ನಡಿ. ಪಾದ ಎತ್ತೋದು, ಮೊಣಕಾಲು ಮಡಚೋದು, ಪಾದ ಊರಿದ ಮೇಲೆ ಮೇಲಿನ ದೇಹ ಅರ್ಧ ಇಂಚು ಕುಗ್ಗಿ ಮತ್ತೆ ಎದ್ದು ನಿಲ್ಲೋದು, ಇದೆಲ್ಲಾ ಕಾಣುತ್ತೆ. ಆಟದ ನೂರಕ್ಕೆ ತೊಂಬತ್ತು ಭಾಗ ನಾವು ಇದನ್ನ ನೋಡೋದೇ ಇಲ್ಲ.

ಆಮೇಲೆ ಕಾಲು ಬದಲಾಯಿಸು. ಎರಡು ಕಾಲಿನ ಸಾದಾ ಯಂತ್ರದಲ್ಲಿ ಭುಜದ ಮೇಲಿನ ದೊಡ್ಡ ಗ್ರೆನೇಡ್ ಕ್ಯಾನನ್ ಹಾರಿಸಿ ನೋಡು, ಯಂತ್ರ ಓಡ್ತಾ ಇದ್ದಿದ್ದು ನಿಂತು, ಕಾಲು ಅಗಲ ಮಾಡಿ ಊರಿ, ಆಮೇಲೆ ಗುಂಡು ಬಿಡುತ್ತೆ, ಬಿಟ್ಟ ಮೇಲೆ ಹಿಂದಕ್ಕೆ ಒದೆ ತಿನ್ನುತ್ತೆ. ಅದೇ ಗನ್ನು ಟ್ಯಾಂಕ್ ಕಾಲಿಗೆ ಹಾಕಿದ್ರೆ ನಿಲ್ಲೋದೇ ಇಲ್ಲ, ಓಡ್ತಾನೇ ಹೊಡೆಯುತ್ತೆ. ಯಾಕಂದ್ರೆ ಟ್ಯಾಂಕ್ ಅಷ್ಟು ಭಾರ, ಅದಕ್ಕೆ ಊರಿ ನಿಲ್ಲೋ ಅಗತ್ಯನೇ ಇಲ್ಲ. ತೂಕನ ಬರೀ ತೋರಿಸೋದಲ್ಲ ಗುರು, ಆಡೋ ರೀತೀಲೇ ಇಟ್ಟಿದಾರೆ. ಹಿಂದಕ್ಕೆ ಮಡಚೋ ಕಾಲಿನದ್ದು ಹಾಕು, ಜಿಗಿಯೋ ಮುಂಚೆ ಕುಕ್ಕರಗಾಲಲ್ಲಿ ಕೂತು ಎದ್ದ ಹಾಗೆ ಮಾಡುತ್ತೆ, ಅದ್ರ ಮಜಾನೇ ಬೇರೆ.

ಕೊನೇದಾಗಿ ಪೈಲ್ ಬಂಕರ್, ಹತ್ರದಿಂದ ಗೂಟ ಚುಚ್ಚೋ ಆಯುಧ. ಎಡಗೈಗೆ ಹಾಕ್ಕೋ, ಚಾರ್ಜ್ ಮಾಡಿ ಹೊಡಿ. ಕೈ ಹಿಂದಕ್ಕೆ ಹೋಗಿ ಒಂದು ಕ್ಷಣ ತಡೆಯುತ್ತಲ್ಲ, ಆ ತಡೆಯೋದ್ರಲ್ಲೇ ಎಲ್ಲಾ ಇರೋದು.

ಚಂಡೆ_ಪೆಟ್ಟು

ಗರಡಿಮನೆಯವರು ಹೇಳಿದ್ದು ಸರಿ ಉಂಟು, ಆದ್ರೆ ಪ್ರಶ್ನೆ ಕೇಳಿದವರ ಸಮಸ್ಯೆ ಅದಲ್ಲ ಅಂತ ನನಗೆ ಕಾಣ್ತದೆ. ನಾನು ಉಡುಪಿ ಕಡೆಯವ, ಈಗ ಬೆಂಗಳೂರಲ್ಲಿ ಡಬ್ಬಿಂಗ್ ಮತ್ತೆ ಕಿರುಚಿತ್ರಗಳಿಗೆ ಸೌಂಡ್ ಕೆಲಸ ಮಾಡುದು, ಹಾಗಾಗಿ ನಿಮ್ಮ ಪೋಸ್ಟಲ್ಲಿ ಮೂರು ಮಾತು ಓದಿದ ಕೂಡ್ಲೇ ನನ್ನ ಕಿವಿ ನೆಟ್ಟಗಾಯ್ತು: ಬ್ಲೂಟೂತ್, ಫ್ರೆಂಡ್ ಜೊತೆ ಮಾತು, ಕಮ್ಮಿ ವಾಲ್ಯೂಮ್.

ನೀವು ಆ ಇಯರ್‌ಬಡ್ಸ್‌ನ ಮೈಕಲ್ಲೇ ಮಾತಾಡುದಾ? ಹೌದಾದ್ರೆ ಉತ್ತರ ಅಲ್ಲೇ ಸಿಕ್ಕಿತು ಮಾರಾಯ್ರೆ. ಸಾಮಾನ್ಯ ಬ್ಲೂಟೂತ್‌ಗೆ ಎರಡು ಅವತಾರ. ಹಾಡು ಕೇಳುವಾಗ ಒಂದು, ಒಳ್ಳೆ ಸ್ಟೀರಿಯೋ. ಮೈಕ್ ಆನ್ ಆದ ಕೂಡ್ಲೇ ಅದು ಹ್ಯಾಂಡ್ಸ್‌ಫ್ರೀ ಮೋಡಿಗೆ ಬೀಳ್ತದೆ, ಅಲ್ಲಿ ಸೌಂಡ್ ಮೋನೋ, ಅಂದ್ರೆ ಎರಡು ಕಿವಿಗೂ ಒಂದೇ, ಫೋನಲ್ಲಿ ಮಾತಾಡ್ಲಿಕ್ಕೆ ಎಷ್ಟು ಬೇಕೋ ಅಷ್ಟೇ ಸ್ವರದ ಪಟ್ಟಿ (ಫ್ರೀಕ್ವೆನ್ಸಿ). ಹಳೆ ಟೆಲಿಫೋನ್ ಲೈನಿನ ಪಟ್ಟಿ 300 ಹರ್ಟ್ಸ್‌ನಿಂದ 3400ರ ತನಕ, ನೀವು ಕೇಳ್ತಾ ಇರುದು ಹೆಚ್ಚುಕಮ್ಮಿ ಅದೇ ಥರದ್ದು. ಯಂತ್ರದ ಹೆಜ್ಜೆಯ ಭಾರ ಇರುದು ನೂರು ಹರ್ಟ್ಸ್‌ನಿಂದ ಕೆಳಗೆ. ಅದನ್ನು ಪೂರ್ತಿ ಕತ್ತರಿಸಿ ತೆಗೆದ ಮೇಲೆ ಉಳಿಯುದು ಎಂತ? ತಗಡಿನ ಡಬ್ಬ. ನೀವು ಬಳಸಿದ ಮಾತೇ ಸರಿಯಾದ ಮಾತು. ಯೂಟ್ಯೂಬ್ ನೋಡುವಾಗ ಮೈಕ್ ಆಫ್ ಇರ್ತದೆ, ಅದಕ್ಕೇ ಅಲ್ಲಿ ಚಂದ ಕೇಳ್ತದೆ.

ಇನ್ನೊಂದು, ತಡ. ಸಾಮಾನ್ಯ ಬ್ಲೂಟೂತಲ್ಲಿ ಸೌಂಡ್ ಕಿವಿಗೆ ಬರ್ಲಿಕ್ಕೆ 100ರಿಂದ 200 ಮಿಲಿಸೆಕೆಂಡ್ ಹಿಡಿತದೆ, ಕೆಲವದರಲ್ಲಿ ಇನ್ನೂ ಹೆಚ್ಚು. 60 ಎಫ್‌ಪಿಎಸ್‌ನಲ್ಲಿ 200 ಮಿಲಿಸೆಕೆಂಡ್ ಅಂದ್ರೆ ಹನ್ನೆರಡು ಫ್ರೇಮ್. ಅಂದ್ರೆ ಪಾದ ನೆಲಕ್ಕೆ ತಾಗಿ, ಧೂಳು ಎದ್ದು, ಯಂತ್ರ ಮುಂದೆ ಹೋಗಿ ಆದ ಮೇಲೆ "ಧಡ್" ಅಂತ ಕೇಳ್ತದೆ. ಮೆದುಳು ಆ ಎರಡನ್ನು ಸೇರಿಸುದೇ ಇಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದು ಕಾಲು ಕುಟ್ಟಿದಾಗ ಚಂಡೆಯ ಪೆಟ್ಟು ಅದೇ ಕ್ಷಣಕ್ಕೆ ಬೀಳ್ಬೇಕು. ಚೂರು ತಡ ಆದ್ರೆ ಆ ರಾಕ್ಷಸ ಬರೀ ಬಟ್ಟೆ ಕಟ್ಟಿಕೊಂಡ ಮನುಷ್ಯ ಆಗಿಬಿಡ್ತಾನೆ. ನಾನು ಸಣ್ಣವನಿರುವಾಗ ಚಂಡೆಯ ಬದಿಯಲ್ಲೇ ಕೂತು ರಾತ್ರಿ ಬೆಳಗು ಮಾಡಿದವ, ಇದನ್ನು ಕಲಿತದ್ದು ಅಲ್ಲೇ, ಸ್ಟುಡಿಯೋದಲ್ಲಿ ಅಲ್ಲ.

ವಾಲ್ಯೂಮ್ ಬಗ್ಗೆಯೂ ಹೇಳ್ತೇನೆ. ನಮ್ಮ ಕಿವಿಯ ಗುಣವೇ ಹಾಗೆ, ಶಬ್ದ ಕಮ್ಮಿ ಆದಂತೆ ಮೊದಲು ಕಾಣೆ ಆಗುದು ಕೆಳಗಿನ ಸ್ವರ, ಮಧ್ಯದ್ದು ಉಳಿತದೆ. ರಾತ್ರಿ ಮೆಲ್ಲ ಇಟ್ಟು ಆಡಿದ್ರೆ ಮಾತು, ಮಿಸೈಲ್ ಅಲಾರಂ ಎಲ್ಲ ಕೇಳ್ತದೆ, ನೆಲದ ಗುಡುಗು ಮಾತ್ರ ಕೇಳುದಿಲ್ಲ. ವಿಂಡೋಸಲ್ಲಿ ಲೌಡ್‌ನೆಸ್ ಈಕ್ವಲೈಸೇಶನ್ ಅಂತ ಒಂದು ಟಿಕ್ ಇರ್ತದೆ ಕೆಲವು ಲ್ಯಾಪ್‌ಟಾಪಲ್ಲಿ, ಅದು ಆನ್ ಇದ್ರೆ ದಯವಿಟ್ಟು ತೆಗೆಯಿರಿ. ಅದು ಸಣ್ಣ ಶಬ್ದವನ್ನು ಎತ್ತಿ ದೊಡ್ಡ ಶಬ್ದವನ್ನು ಅಮುಕಿ ಎಲ್ಲವನ್ನೂ ಒಂದೇ ಮಟ್ಟ ಮಾಡ್ತದೆ, ಆಗ ಸ್ಫೋಟಕ್ಕೂ ರೈಫಲಿಗೂ ವ್ಯತ್ಯಾಸವೇ ಉಳಿಯುದಿಲ್ಲ.

ಭಾರದ ಶಬ್ದ ಮಾಡುದು ಹೇಗೆ ಅಂತ ಒಂದು ಉದಾಹರಣೆ ಕೊಡ್ತೇನೆ. ಒಂದು ಕಿರುಚಿತ್ರಕ್ಕೆ ದೊಡ್ಡ ಕಬ್ಬಿಣದ ಬಾಗಿಲು ಬೀಳುವ ಶಬ್ದ ಬೇಕಿತ್ತು. ಪೀಣ್ಯದಲ್ಲಿ ಲಾರಿಯ ಹಿಂದಿನ ಡಾಲೆ ಬಿಚ್ಚಿ ಬಿಟ್ಟಾಗ ಹೊಡೆಯುವ ಶಬ್ದ ರೆಕಾರ್ಡ್ ಮಾಡಿದೆ. ಹಾಗೆ ಕೇಳಿದ್ರೆ ಬರೀ ಲಾರಿ. ಅರ್ಧ ವೇಗದಲ್ಲಿ ಓಡಿಸಿದೆ, ಸ್ವರ ಒಂದು ಸಪ್ತಕ ಕೆಳಗೆ ಇಳಿತು, ಉದ್ದ ಎರಡು ಪಾಲಾಯ್ತು. ಈಗ ಭಾರ ಬಂತು ಆದ್ರೆ ಪೆಟ್ಟು ಮೊಂಡಾಯ್ತು. ಹಾಗಾಗಿ ಮೂಲದ ಮೊದಲ ತುಂಡು, ಆ ಚೂಪಾದ "ಟಕ್" ಇದೆಯಲ್ಲ, ಅದನ್ನು ಮಾತ್ರ ಕತ್ತರಿಸಿ ಮೇಲೆ ಕೂರಿಸಿದೆ. ಅದಕ್ಕಿಂತ ಮುಂಚೆ ಅರ್ಧ ಸೆಕೆಂಡ್ ಗಾಳಿಯ ಶಬ್ದವನ್ನೂ ತೆಗೆದು ಮೌನ ಇಟ್ಟೆ. ಆಗ ಡೈರೆಕ್ಟರ್ ಕುರ್ಚಿಯಲ್ಲಿ ಹಿಂದೆ ಸರಿದರು. ಪೈಲ್ ಬಂಕರ್ ಬಗ್ಗೆ ಗರಡಿಮನೆಯವರು ಬರೆದ ಆ ತಡೆಯುವ ಕ್ಷಣ ಉಂಟಲ್ಲ, ಅದು ಇದೇ.

ಮಾಡ್ಬೇಕಾದದ್ದು ಇಷ್ಟು: ಒಂದು ಸಾದಾ ವೈರ್ ಇಯರ್‌ಫೋನ್ ತಗೊಳ್ಳಿ. ಇಲ್ಲದಿದ್ರೆ ಕಾಲ್ ಆ್ಯಪಿನ ಸೆಟ್ಟಿಂಗಲ್ಲಿ ಮೈಕ್ ಅಂತ ಲ್ಯಾಪ್‌ಟಾಪಿನದ್ದೇ ಆಯ್ಕೆ ಮಾಡಿ, ಆಗ ಬಡ್ಸ್ ಸ್ಟೀರಿಯೋದಲ್ಲೇ ಇರ್ತದೆ, ತಡ ಮಾತ್ರ ಹಾಗೇ ಇರ್ತದೆ. ಆಟದೊಳಗೆ ಮ್ಯೂಸಿಕ್ ಸ್ಲೈಡರ್ ಸ್ವಲ್ಪ ಇಳಿಸಿ ಒಂದು ಮಿಷನ್ ಆಡಿ ನೋಡಿ.

ರಾತ್ರಿಪಾಳಿ_ದಾವಣಗೆರೆ

ಅಣ್ಣ ಹೌದು, ಬಡ್ಸ್ ಮೈಕಲ್ಲೇ ಮಾತಾಡೋದು, ಆಟ ಶುರು ಮಾಡೋಕೆ ಮುಂಚೇನೇ ಕಾಲ್ ಹಾಕಿರ್ತೀವಿ, ಮುಗಿಯೋ ತನಕ ಕಟ್ ಮಾಡಲ್ಲ. ಅಂದ್ರೆ ಹದಿನೈದು ದಿನದಲ್ಲಿ ನಾನು ಈ ಆಟದ ನಿಜವಾದ ಸೌಂಡ್ ಒಂದ್ಸಲನೂ ಕೇಳೇ ಇಲ್ಲ. ನಾಳೆ ರಜ, ವೈರ್ ಇಯರ್‌ಫೋನ್ ತಂಗಿ ಹತ್ರ ಇದೆ, ಹಾಕಿ ಆಡಿ ಬಂದು ಹೇಳ್ತೀನಿ.

ಜೆಸಿಬಿ_ಮನಿಹುಡುಗ

ನಮ್ಮಪ್ಪ ಇಪ್ಪತ್ತು ವರ್ಷದಿಂದ ಜೆಸಿಬಿ ಓಡಸ್ತಾರ, ಹುಬ್ಬಳ್ಳಿ ಸುತ್ತಮುತ್ತ. ಸಣ್ಣಾವ ಇದ್ದಾಗಿಂದ ಅದರ ಬಾಜೂಕ ನಿಂತು ಬೆಳದೇನಿ, ಹಿಂಗಾಗಿ ಭಾರ ಯಂತ್ರ ಹೆಂಗ ನಡೀತೈತಿ ಅನ್ನೋದು ನನಗ ಕಣ್ಣಿಗೆ ಕಟ್ಟಿದಂಗ ಗೊತ್ತೈತಿ. ಗರಡಿಮನಿ ಅವರ ಮಾತಿಗೆ ನಾ ಪೂರ್ತಿ ಹೂಂ ಅನ್ನಂಗಿಲ್ರಿ.

ನೋಡ್ರಿ, ಜೆಸಿಬಿ ಬಕೆಟ್ ತುಂಬಿ ಮ್ಯಾಲೆ ಎತ್ತಿ ಒಮ್ಮೆಲೆ ನಿಲ್ಲಿಸಿದ್ರ ಯಂತ್ರ ಅಲ್ಲಿಗೇ ನಿಲ್ಲಂಗಿಲ್ಲ. ಲಿವರ್ ಬಿಟ್ಟ ಮ್ಯಾಲೂ ಇಡೀ ಗಾಡಿ ಹಿಂದ ಮುಂದ ಎರಡು ಸಲ ತೂಗತೈತಿ, ಟೈರ್ ಕುಸಿದು ಏಳತಾವ, ಆಮ್ಯಾಲೆ ಶಾಂತ ಆಗತೈತಿ. ಅಪ್ಪ ಏನಂತಾರ ಅಂದ್ರ, ಆ ತೂಗೋದನ್ನ ಲೆಕ್ಕಕ್ಕ ತಗೊಂಡು ಲಿವರ್ ಮೊದಲ ಬಿಡಬೇಕು, ಅಂದ್ರನ ಬಕೆಟ್ ಬೇಕಾದ ಜಾಗಾಕ್ಕ ಬಂದು ನಿಲ್ಲತೈತಿ ಅಂತ. ಶುರು ಆಗೂದೂ ತಡ, ನಿಲ್ಲೂದೂ ತಡ. ಭಾರ ಅಂದ್ರ ಇದ ನೋಡ್ರಿ. ಮೆಕ್‌ವಾರಿಯರ್‌ದಾಗ ಇದನ್ನ ಭಾಳ ಚೊಲೋ ಹಿಡದಾರ. ಅಟ್ಲಾಸ್ ನೂರು ಟನ್ನಿನ ಯಂತ್ರ, ಥ್ರಾಟಲ್ ಕೊಟ್ಟ ಮ್ಯಾಲೆ ವೇಗ ಏರಾಕ ಹೊತ್ತು ಬೇಕು, ಕಾಲು ಒಂದು ಕಡೆ ಹೊಂಟಿದ್ರ ಮೈ ಇನ್ನೊಂದು ಕಡೆ ತಿರಗತೈತಿ, ಬಿಸಿ ಹೆಚ್ಚಾದ್ರ ಇಡೀ ಯಂತ್ರ ಬಂದ್ ಆಗಿ ಎಲ್ಲಾ ಸಪ್ಪಳ ನಿಂತು ಹೊಕ್ಕೈತಿ. ಆ ಕತ್ತಲದಾಗ ಕುಂತು, ಹೊರಗ ಗುಂಡು ಬೀಳೂದು ಕೇಳಕೋತ, ಯಂತ್ರ ಮತ್ತ ಚಾಲೂ ಆಗೂದನ್ನ ಕಾಯೂದು, ಅದರಂಥಾ ಅನುಭವ ಇನ್ನೊಂದಿಲ್ಲ. ಅದರಾಗ ಇಪ್ಪತ್ತು ಟನ್ನಿನ ಲೋಕಸ್ಟ್ ಓಡಿಸಿ ನೋಡ್ರಿ, ಹೆಜ್ಜಿ ಸಪ್ಪಳನ ಬ್ಯಾರೆ.

ಲೆಕ್ಕಾನೂ ಐತಿ ಇದಕ್ಕ. ತೂಗೋ ವಸ್ತು ಎಷ್ಟು ಉದ್ದ ಇರತೈತೋ ಅದರ ವರ್ಗಮೂಲದಷ್ಟು ಅದು ನಿಧಾನ ಆಗತೈತಿ, ಗಡಿಯಾರದ ಲೋಲಕದಂಗ. ಹತ್ತು ಮೀಟರ್ ಎತ್ತರದ ಯಂತ್ರ ಅಂದ್ರ ನಮ್ಮಕ್ಕಿಂತ ಆರು ಪಟ್ಟು ಹತ್ರ, ಆರರ ವರ್ಗಮೂಲ ಎರಡೂವರಿ. ನಾವು ಅರ್ಧ ಸೆಕೆಂಡಿಗೆ ಇಡೋ ಹೆಜ್ಜಿ ಅದಕ್ಕ ಒಂದೂಕಾಲು ಸೆಕೆಂಡ್ ಹಿಡಿಬೇಕು. ಅದಕ್ಕಿಂತ ಜಲ್ದಿ ಹೆಜ್ಜಿ ಹಾಕಿದ್ರ ನಮ್ಮ ಕಣ್ಣು ಅದನ್ನ ಸಣ್ಣ ಗೊಂಬಿ ಅಂತನ ತಿಳಕೋತೈತಿ. ಆರ್ಮರ್ಡ್ ಕೋರ್‌ದಾಗ ಕ್ವಿಕ್ ಬೂಸ್ಟ್ ಒತ್ತಿದ್ರ ಯಂತ್ರ ಕಣ್ಣು ಮುಚ್ಚಿ ತಗಿಯೂದರಾಗ ಬಾಜೂಕ ಹಾರಿರತೈತಿ. ಆಡಾಕ ಭಾಳ ಚಂದ, ಆದ್ರ ಅಲ್ಲಿ ಭಾರ ಉಳಿಯಂಗಿಲ್ಲ ಅನ್ನೋದು ಸುಳ್ಳಲ್ಲ. ರಾತ್ರಿಪಾಳಿ ಅವರಿಗೆ ಅನಿಸಿದ್ದು ಬರೇ ಇಯರ್‌ಬಡ್ಸ್ ತಪ್ಪಲ್ಲ, ಅರ್ಧ ಆಟದ್ದೂ ಐತಿ.

ಒಂದು ಜಾಗಾ ಬಿಟ್ಟು. ಸ್ಟ್ರೈಡರ್ ಬರೋ ಮಿಷನ್. ನಡೆಯೋ ಗಣಿ ಯಂತ್ರ ಅದು, ನಿಮ್ಮ ಎಸಿ ಅದರ ಕಾಲಾಗ ನೊಣ ಇದ್ದಂಗ. ಅದರ ಕಾಲು ಎತ್ತಿ ಇಡೋ ನಿಧಾನ ನೋಡ್ರಿ, ಅದು ಖರೇ ಭಾರ. ನಾ ಗುಂಡು ಹೊಡಿಯೂದು ಬಿಟ್ಟು ಐದು ನಿಮಿಷ ಅದರ ಜೋಡಿ ಬಾಜೂಕ ನಡಕೋತ ಹೋಗೇನಿ.

ಗರಡಿಮನೆ

ಕ್ವಿಕ್ ಬೂಸ್ಟ್ ಬಗ್ಗೆ ನೀವು ಹೇಳಿದ್ದು ಒಪ್ದೆ. ಆದ್ರೆ ಒಂದು ಕೇಳ್ಕೊಳ್ಳಿ, ಆ ಬೂಸ್ಟ್ ಶಬ್ದನ ಸರಿಯಾಗಿ ಗಮನಿಸಿದೀರಾ? ಅದು ಎಂಜಿನ್ ಓಡೋ ಶಬ್ದ ಅಲ್ಲ, ಸ್ಫೋಟದ ಶಬ್ದ. ಆ ತೂಕನ ಒಂದೇ ಏಟಿಗೆ ಪಕ್ಕಕ್ಕೆ ತಳ್ಳೋಕೆ ಅಷ್ಟು ಬಲ ಬೇಕು ಅಂತ ಕಿವಿಗೆ ಹೇಳ್ತಿದಾರೆ. ಕಣ್ಣಿಗೆ ಹಗುರ ಕಾಣೋದನ್ನ ಕಿವಿ ಹಿಡಿದು ಕೆಳಗೆ ಎಳೆಯುತ್ತೆ. ಅದಕ್ಕೇ ಸೌಂಡ್ ಹೋದ್ರೆ ಈ ಆಟದಲ್ಲಿ ಮೆಕ್‌ವಾರಿಯರ್‌ಗಿಂತ ಜಾಸ್ತಿ ನಷ್ಟ.

ಸ್ಟ್ರೈಡರ್ ವಿಷಯಕ್ಕೆ ನೂರಕ್ಕೆ ನೂರು ಸೈ.

ಹೊಗೆಬಣ್ಣ

ಎಲ್ರೂ ಸೌಂಡ್ ಹಿಡ್ಕೊಂಡಿದೀರ, ಯಾರಾದ್ರೂ ಆ "ಎಲ್ಲಾ ಲೋ ಮಾಡಿದೀನಿ" ಅನ್ನೋದನ್ನ ನೋಡ್ತೀರೇನೋ ಅಂತ ಕಾಯ್ತಾ ಇದ್ದೆ. ನಾನು ಲೈಟಿಂಗ್ ಆರ್ಟಿಸ್ಟ್, ಅನಿಮೇಷನ್ ಕಡೆ ಕೆಲಸ, ಆಟಗಳದ್ದಲ್ಲ, ಆದ್ರೆ ಕಣ್ಣಿನ ನಿಯಮ ಎಲ್ಲಾ ಕಡೆ ಒಂದೇ.

ರಾತ್ರಿಪಾಳಿ ಅವ್ರೇ, ಯಂತ್ರ ದೊಡ್ಡದು ಅಂತ ನಮ್ಗೆ ಗೊತ್ತಾಗೋದು ಯಂತ್ರ ನೋಡಿ ಅಲ್ಲ, ಅದ್ರ ಸುತ್ತ ಇರೋ ಸಣ್ಣದನ್ನ ನೋಡಿ. ನೆಲದಿಂದ ಏಳೋ ಧೂಳು, ಬೂಸ್ಟರ್ ಬೆಂಕಿಗೆ ಚದುರೋ ಕಣಗಳು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಾಗ ಸಿಡಿಯೋ ಕಿಡಿ. ಕಿಡಿ ಸಣ್ಣಗೆ ಇದ್ದು ತುಂಬಾ ಹೊತ್ತು ಬೀಳ್ತಾ ಇದ್ರೆ ಯಂತ್ರ ದೊಡ್ಡದು. ನೀವು ಎಫೆಕ್ಟ್ಸ್ ಲೋ ಮಾಡಿದ ತಕ್ಷಣ ಮೊದಲು ಹೋಗೋದು ಇವೇ. ಎಸಿ ಕಾಲ ಕೆಳಗೆ ಏನೂ ಏಳದೇ ಇದ್ರೆ ಅದು ಜಾರ್ದೇ ಇನ್ನೇನು ಮಾಡುತ್ತೆ. ನೀವು ಕೇರಂ ಬೋರ್ಡ್ ಅಂದ್ರಲ್ಲ, ನನ್ನ ಪ್ರಕಾರ ಅದು ಇಲ್ಲಿಂದ ಬಂದಿದ್ದು.

ಇನ್ನೊಂದು ಮಂಜು. ದೂರದ್ದು ಮಸುಕಾಗಿ, ಬಣ್ಣ ತೊಳೆದ ಹಾಗೆ ಕಂಡ್ರೆ ಮಾತ್ರ ಮೆದುಳು ಅದನ್ನ ದೊಡ್ಡದು ಅನ್ನುತ್ತೆ, ಆಗುಂಬೆಯಲ್ಲಿ ನಿಂತು ಒಂದರ ಹಿಂದೆ ಒಂದು ಬೆಟ್ಟದ ಸಾಲು ನೋಡಿದವರಿಗೆ ಇದು ಗೊತ್ತು. ಆಟ ನಡೆಯೋ ರೂಬಿಕಾನ್ ಗ್ರಹ ಪೂರ್ತಿ ಹೀಗೇ ಮಾಡಿರೋದು. ಐವತ್ತು ವರ್ಷದ ಹಿಂದೆ ಐಬಿಸ್ ಬೆಂಕಿಯಲ್ಲಿ ಸುಟ್ಟುಹೋದ ಜಾಗ ಅನ್ನೋದು ಕಥೆ, ಹಾಗಾಗಿ ಬೂದಿ ಬಣ್ಣ, ತುಕ್ಕು ಬಣ್ಣ, ಹೊಗೆ. ಎಲ್ಲಾ ಮಂಕಾಗಿ ಇಟ್ಟಿರೋದ್ರಿಂದ ಕೋರಲ್ ಅನ್ನೋ ಆ ಗ್ರಹದ ಶಕ್ತಿ ವಸ್ತುವಿನ ಕೆಂಪು ಬಂದಾಗ ಕಣ್ಣು ಅಲ್ಲಿಗೇ ಹೋಗುತ್ತೆ. ಇಡೀ ಆಟದಲ್ಲಿ ಆ ಒಂದು ಬಣ್ಣಾನ ಎಷ್ಟು ಜೋಪಾನವಾಗಿ ಖರ್ಚು ಮಾಡಿದಾರೆ ಅಂದ್ರೆ, ನಾನು ಕೆಲಸದಲ್ಲಿ ಜೂನಿಯರ್‌ಗಳಿಗೆ ಈ ಆಟದ ಸ್ಕ್ರೀನ್‌ಶಾಟ್ ತೋರ್ಸಿದೀನಿ.

ಹೊರಗಿನ ಕಟ್ಟಡಗಳನ್ನೂ ಹತ್ರ ಹೋಗಿ ನೋಡಿ. ಮೆಟ್ಟಿಲು, ಕೈಹಿಡಿ ಕಂಬಿ, ಏಣಿ, ಎಲ್ಲಾ ಮನುಷ್ಯರ ಅಳತೇಲಿ ಇದೆ. ಆದ್ರೆ ಆಟದೊಳಗೆ ಒಬ್ಬ ಮನುಷ್ಯನ ಮುಖಾನೂ ತೋರ್ಸಲ್ಲ, ಎಂಬ್ಲೆಮ್ ಮತ್ತೆ ದನಿ ಅಷ್ಟೇ. ಟೈಟನ್‌ಫಾಲ್ 2 ಇದಕ್ಕೆ ಉಲ್ಟಾ, ಅಲ್ಲಿ ನೀವೇ ಮನುಷ್ಯರಾಗಿ ನೆಲದ ಮೇಲೆ ಓಡ್ತಾ ಇರ್ತೀರ, ಆಕಾಶದಿಂದ ಟೈಟನ್ ಬಂದು ಪಕ್ಕದಲ್ಲಿ ಬಿದ್ದು ಕೈ ಚಾಚಿ ನಿಮ್ಮನ್ನ ಎತ್ತಿ ಒಳಗೆ ಹಾಕ್ಕೊಳ್ಳುತ್ತೆ, ಗಾತ್ರ ಒಂದೇ ಕ್ಷಣದಲ್ಲಿ ಗೊತ್ತಾಗುತ್ತೆ. ಇಲ್ಲಿ ಆ ಸಹಾಯ ಇಲ್ಲ, ಆ ಖಾಲಿ ಮೆಟ್ಟಿಲೇ ನಿಮ್ಮ ಅಳತೆಗೋಲು. ನನಗೆ ಆ ಖಾಲಿತನ ತುಂಬಾ ಕಾಡುತ್ತೆ, ಇಷ್ಟು ಕಟ್ಟಿದವರು ಎಲ್ಲಿ ಹೋದ್ರು ಅಂತ.

ನಿಮ್ಮ 1650ಗೆ ನಾನು ಹೇಳೋದು, ಶಾಡೋ ಮತ್ತೆ ರಿಫ್ಲೆಕ್ಷನ್ ಲೋನಲ್ಲೇ ಇರ್ಲಿ, ಎಫೆಕ್ಟ್ಸ್ ಒಂದನ್ನ ಹೈಗೆ ತನ್ನಿ, ಮಂಜಿನದ್ದು ಮೀಡಿಯಂ. ರೇ ಟ್ರೇಸಿಂಗ್ (ಬೆಳಕಿನ ಲೆಕ್ಕದ ಸೆಟ್ಟಿಂಗ್) ಬಗ್ಗೆ ತಲೆನೇ ಕೆಡಿಸ್ಕೋಬೇಡಿ, ಅದು ಈ ಆಟದಲ್ಲಿ ಗ್ಯಾರೇಜ್ ಒಳಗೆ ಮಾತ್ರ ಇರೋದು. ಹತ್ತು ಎಫ್‌ಪಿಎಸ್ ಕಮ್ಮಿ ಆದ್ರೂ ಒಂದು ಸಲ ಹಾಗೆ ಆಡಿ ನೋಡಿ.

ರಾತ್ರಿಪಾಳಿ_ದಾವಣಗೆರೆ

ಆಡಿ ಬಂದೆ. ಎಲ್ಲಿಂದ ಶುರು ಮಾಡ್ಲಿ ಗೊತ್ತಾಗ್ತಿಲ್ಲ.

ಹೊಸಪೇಟೆಯವನಿಗೆ ಇವತ್ತು ಕಾಲ್ ಬೇಡ ಅಂತ ಮೆಸೇಜ್ ಹಾಕಿ, ತಂಗಿ ಇಯರ್‌ಫೋನ್ ಚುಚ್ಚಿ, ಎಫೆಕ್ಟ್ಸ್ ಹೈ ಮಾಡಿ, ಮ್ಯೂಸಿಕ್ ಅರ್ಧ ಇಳಿಸಿ ಮೊದಲನೇ ಮಿಷನ್ ಹಾಕಿದೆ. ಮನೇಲಿ ಎಲ್ಲಾ ಮದುವೆಗೆ ಹೋಗಿದ್ರು, ವಾಲ್ಯೂಮ್ ಪೂರ್ತಿ ಏರಿಸಿದೆ. ಗರಡಿಮನೆ ಅಣ್ಣ ಹೇಳಿದ ಹಾಗೆ ಎಲ್ಲಾ ಮುಗಿಸಿ ಬೂಸ್ಟ್ ಆಫ್ ಮಾಡಿ ನಡೆದೆ. ಒಂದೊಂದು ಹೆಜ್ಜೆಗೆ ಎರಡು ಶಬ್ದ ಇದೆ! ಮೊದಲು ಪಾದ ಊರಿದ್ದು, ಆಮೇಲೆ ಅದ್ರ ಹಿಂದೆ ಕೀಲು ಭಾರ ತಗೊಳ್ಳೋ ಥರ ಇನ್ನೊಂದು ಸಣ್ಣ ಶಬ್ದ. ನಮ್ಮ ಫ್ಯಾಕ್ಟರಿಯಲ್ಲಿ ಹೈಡ್ರಾಲಿಕ್ ಪ್ರೆಸ್ ಇಳಿದು ಕೂತಾಗ ಹಾಗೇ ಕೇಳೋದು, ಪ್ರೆಸ್ ಕೂತ ಮೇಲೆ ಒಂದು ಉಸಿರು ಬಿಟ್ಟ ಹಾಗೆ. ದಿನಾ ಎಂಟು ಗಂಟೆ ಆ ಶಬ್ದದ ಪಕ್ಕದಲ್ಲೇ ನಿಂತಿರ್ತೀನಿ, ಆಟದಲ್ಲೂ ಅದೇ ಇದೆ ಅಂತ ಇವತ್ತು ಗೊತ್ತಾಯ್ತು.

ಆಮೇಲೆ ಆ ಹೆಲಿಕಾಪ್ಟರ್. ಮುಂಚೆ ನಂಗೆ ಅದು ಬರೀ ಲೈಫ್ ಬಾರ್ ಇರೋ ಒಂದು ಟಾರ್ಗೆಟ್. ಇವತ್ತು ಕಟ್ಟಡದ ಹಿಂದಿಂದ ಬರುವಾಗ್ಲೇ ರೋಟರ್ ಶಬ್ದ ಎಡಗಿವಿಯಿಂದ ಬಲಗಿವಿಗೆ ಹೋಯ್ತು, ನೋಡದೇನೇ ಯಾವ ಕಡೆ ಇದೆ ಅಂತ ಗೊತ್ತಾಯ್ತು. ಮೋನೋದಲ್ಲಿ ಇದೆಲ್ಲಾ ಸತ್ತೇ ಹೋಗಿತ್ತು. ಎಫ್‌ಪಿಎಸ್ 48ರಿಂದ 55ರ ನಡುವೆ ಓಡಾಡ್ತು, ಪರವಾಗಿಲ್ಲ. ನೆಲ ಮುಟ್ಟಿದಾಗ ಧೂಳು ಒಂದು ಉಂಗುರದ ಥರ ಹರಡುತ್ತೆ, ಹೊಗೆಬಣ್ಣ ಮೇಡಂ ಹೇಳಿದ್ದು ಸರಿ, ಜಾರೋ ಫೀಲಿಂಗು ಮುಕ್ಕಾಲು ಭಾಗ ಅಲ್ಲೇ ಹೋಯ್ತು. ಪೂರ್ತಿ ಹೋಗಿಲ್ಲ, ಸುಳ್ಳು ಹೇಳಲ್ಲ. ಜೋರಾಗಿ ಬೂಸ್ಟಲ್ಲಿ ತಿರುಗುವಾಗ ಈಗ್ಲೂ ಹಗುರ ಅನ್ಸುತ್ತೆ, ಜೆಸಿಬಿ ಅವ್ರು ಹೇಳಿದ ಆ ತೂಗೋದು ಅಲ್ಲಿ ಇಲ್ಲ.

ರಾತ್ರಿ ಬಾಲ್ಟಿಯಸ್‌ಗೆ ಹೋದೆ. ಎಂಟು ಸಲ ಸೋತೆ, ಒಂಬತ್ತನೇ ಸಲ ಹೊಡೆದೆ. ಗೆದ್ದಿದ್ದು ಹೇಗೆ ಅಂದ್ರೆ ಮಿಸೈಲ್ ಅಲಾರಂ ಈಗ ಸರಿಯಾದ ಹೊತ್ತಿಗೆ ಕೇಳುತ್ತೆ, ಕೇಳಿದ ತಕ್ಷಣ ಒತ್ತಿದ್ರೆ ತಪ್ಪಿಸ್ಕೊಳ್ಳುತ್ತೆ, ಮುಂಚೆ ಅಲಾರಂ ಕೇಳೋ ಹೊತ್ತಿಗೆ ಏಟು ಬಿದ್ದಿರೋದು. ಅದ್ರ ಶೀಲ್ಡ್ ಒಡೆದು ಅದು ಸ್ಟ್ಯಾಗರ್ ಆದಾಗ (ಏಟು ತಿಂದು ಒಂದು ಕ್ಷಣ ತಡವರಿಸಿದಾಗ) ಒಂದು ಶಬ್ದ ಬರುತ್ತಲ್ಲ, ಆ ಶಬ್ದಕ್ಕೆ ಪೈಲ್ ಬಂಕರ್ ಹಿಡಿದು ಕೂತಿದ್ದೆ. ಕೈ ಹಿಂದಕ್ಕೆ ಹೋಯ್ತು, ಆ ತಡೆಯೋ ಕ್ಷಣ ಬಂತು, ನಾನು ಉಸಿರು ಹಿಡ್ಕೊಂಡೆ. ಆಮೇಲೆ ಹೊಡೀತು. ಇಯರ್‌ಫೋನ್ ಕಿತ್ತು ಟೇಬಲ್ ಮೇಲಿಟ್ಟು ಎರಡು ನಿಮಿಷ ಸುಮ್ನೆ ಕೂತಿದ್ದೆ.

ಎಲ್ರಿಗೂ ತುಂಬಾ ಥ್ಯಾಂಕ್ಸ್. ಚಂಡೆ ಅಣ್ಣ, ಒಂದು ಕೇಳ್ಬೇಕು, ಮ್ಯೂಸಿಕ್ ಅರ್ಧಕ್ಕೇ ಇಟ್ಟು ಆಡ್ಲಾ ಇನ್ನು ಮುಂದೆ, ಇಲ್ಲಾ ಏರಿಸ್ಲಾ?

ಚಂಡೆ_ಪೆಟ್ಟು

ನೀವು ಬರೆದದ್ದು ಓದಿ ಖುಷಿ ಆಯ್ತು. ಆ ಎರಡನೇ ಶಬ್ದ ಹಿಡಿದ್ರಲ್ಲ, ಅದನ್ನು ಕೇಳಿಸಿಕೊಳ್ಳುವವರು ಕಮ್ಮಿ.

ಮ್ಯೂಸಿಕ್ ಏರಿಸಿ, ಈಗ ಏರಿಸಬಹುದು. ಇಳಿಸ್ಲಿಕ್ಕೆ ಹೇಳಿದ್ದು ಯಂತ್ರದ ಶಬ್ದ ನಿಮ್ಮ ಕಿವಿಗೆ ಪರಿಚಯ ಆಗ್ಲಿ ಅಂತ. ಮ್ಯೂಸಿಕ್ ಕೋಟಾ ಹೋಶಿನೋ ಮತ್ತೆ ಅವರ ತಂಡದ್ದು, ಹಿಂದಿನ ಫಾರ್ ಆನ್ಸರ್‌ಗೂ ಅವರೇ ಕೆಲಸ ಮಾಡಿದವರು. ಇದರಲ್ಲಿ ಹೆಚ್ಚಿನ ಕಡೆ ಸಿಂಥ್ (ಎಲೆಕ್ಟ್ರಾನಿಕ್ ಸ್ವರ) ಉಂಟು, ಅದು ಯಂತ್ರದ ಶಬ್ದದ ಜೊತೆ ಜಗಳ ಆಡುದಿಲ್ಲ, ಎಷ್ಟೋ ಕಡೆ ಎಂಜಿನ್ ಯಾವುದು ರಾಗ ಯಾವುದು ಅಂತ ಬಿಡಿಸ್ಲಿಕ್ಕೇ ಆಗುದಿಲ್ಲ. ಇದೇ ಕಂಪನಿಯ ಡಾರ್ಕ್ ಸೋಲ್ಸ್‌ನಲ್ಲಿ ಬಾಸ್ ಬಂದಾಗ ಬರುವ ದೊಡ್ಡ ಕೋರಸ್ ಇಲ್ಲಿ ಹಾಕಿದ್ರೆ ಯಂತ್ರ ಸಣ್ಣದಾಗಿ ಬಿಡ್ತಿತ್ತು ಅಂತ ನನ್ನ ಅನಿಸಿಕೆ.

ಇನ್ನು ಮುಂದೆ ಮೂರನೇ ಅಧ್ಯಾಯದಲ್ಲಿ ಹಿಮದ ಬಯಲಲ್ಲಿ ಐಸ್ ವರ್ಮ್ ಅಂತ ಒಂದು ಮಿಷನ್ ಬರ್ತದೆ. ಅದಕ್ಕೆ ಮುಂಚೆ ಬಡ್ಸ್ ಚಾರ್ಜಿಗೆ ಹಾಕಿ ದೂರ ಇಡಿ, ಮನೆಯವರು ಇಲ್ಲದ ದಿನ ನೋಡಿ ಸ್ಲೈಡರ್ ಎಲ್ಲ ಮೇಲೆ ಏರಿಸಿ ಆಡಿ. ಅಲ್ಲಿ ರೇಡಿಯೋದಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾತಾಡ್ತಾರೆ, ಆ ಮಾತು ನಿಂತಾಗ ಏನಾಗ್ತದೆ ಅಂತ ನಾನು ಹೇಳುದಿಲ್ಲ. ಆಡಿ ಆದ ಮೇಲೆ ಇಲ್ಲೇ ಬಂದು ಬರೆಯಿರಿ.